ತಿರುಕ್ಕಡೈಯೂರಿನಿಂದ ತರಂಗಂಬಾಡಿಗೆ

ತಂದೆಯವರ ಷಷ್ಟ್ಯಬ್ದಿ ಶಾಂತಿಗೆಂದು ತಿರುಕ್ಕಡೈಯೂರಿಗೆ ಹೋದಾಗ ಉಳಿಯುವ ಅರ್ಧ ದಿನದಲ್ಲಿ, ಹಿಂದೆ ಡೆನ್ಮಾರ್ಕಿನವರ ವಸಾಹತಾಗಿದ್ದ ತಮಿಳುನಾಡಿನ ಕಡಲತೀರದ ಊರು ತರಂಗಂಬಾಡಿಯನ್ನು ನೋಡಬಹುದೇ, ಅಲ್ಲಿ ಕೋಟೆಯಲ್ಲದೆ ಬೇರೇನಿದೆ ಎಂದು ಕೇಳಿದ್ದೀರಿ. ಖಂಡಿತ ಹೋಗಿಬನ್ನಿ; ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಷ್ಟೆ.

1792ರಲ್ಲಿ ಮರುನಿರ್ಮಿಸಿದ ಊರಬಾಗಿಲ ಬಳಿ ಇಳಿದು, ಕಡಲಿನ ಕಡೆಗೆ ಸಾಗುವ ಕಿಂಗ್ ಸ್ಟ್ರೀಟಿನಲ್ಲಿ ನಿಧಾನವಾಗಿ ನಡೆಯಿರಿ. ಈ ಬೀದಿಯಲ್ಲೇ ಇರುವ ನ್ಯೂ ಜೆರುಸಲೇಂ ಚರ್ಚನ್ನು ದಯವಿಟ್ಟು ತಪ್ಪಿಸಬೇಡಿ. ಅದರ ಮುಂಗೋಡೆಯ ಮೇಲೆ ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್‌ನ ಕಿರೀಟಸಹಿತ ರಾಜಮುದ್ರೆ ಇಂದಿಗೂ ಕಾಣುತ್ತದೆ. 1706ರಲ್ಲಿ ಇಲ್ಲಿಗೆ ಬಂದ ಜರ್ಮನ್ ಪಾದ್ರಿ ಜೀಗೆನ್‌ಬಾಲ್ಗ್ ತಮಿಳು ಕಲಿತು, ಮುದ್ರಣಾಲಯ ನಡೆಸಿ, ಬೈಬಲಿನ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದರು. 1718ರ ಈ ಚರ್ಚಿನೊಳಗೇ ಅವರ ಸಮಾಧಿಯಿದೆ. ಭಾರತೀಯ ಭಾಷೆಗಳ ಮುದ್ರಣದ ಬಗ್ಗೆ ಕುತೂಹಲವಿರುವವರಿಗೆ ಕೋಟೆಗಿಂತಲೂ ಇದೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ವಿಜಯನಗರದ ಅಧೀನದಲ್ಲಿ ಬೆಳೆದ ತಂಜಾವೂರು ನಾಯಕರಲ್ಲಿ ರಘುನಾಥ ನಾಯಕನೊಡನೆ ಒಪ್ಪಂದ ಮಾಡಿಕೊಂಡು ಡೆನ್ಮಾರ್ಕಿನವರು 1620ರಲ್ಲಿ ಡ್ಯಾನ್ಸ್‌ಬೋರ್ಗ್ ಕೋಟೆಯನ್ನು ಕಟ್ಟತೊಡಗಿದರು; 1845ರಲ್ಲಿ ಊರನ್ನೇ ಬ್ರಿಟಿಷರಿಗೆ ಮಾರಿದರು. ಒಳಗೆ ಚಿಕ್ಕ ವಸ್ತುಸಂಗ್ರಹಾಲಯವಿದೆ.

ಕೋಟೆಯಿಂದ ಹೊರಬಂದು ದಂಡೆಯಲ್ಲೇ ಇರುವ ಮಾಸಿಲಾಮಣಿನಾಥರ್ ದೇವಾಲಯಕ್ಕೆ ಹೋಗಿ. 1306ರಲ್ಲಿ ಪಾಂಡ್ಯರ ಕಾಲದಲ್ಲಿ ಕಟ್ಟಿದ ಈ ಗುಡಿಯ ಮುಂಭಾಗವನ್ನು ಕಡಲು ಕೊರೆದು ನುಂಗಿದೆ. ಅದನ್ನು ನೋಡುವಾಗ ಮನಸ್ಸಿಗೆ ನಿಜಕ್ಕೂ ನೋವಾಗುತ್ತದೆ.

ಹಿರಿಯರು ಜೊತೆಗಿರುವುದರಿಂದ ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೊರಡಬೇಡಿ. ಹೊತ್ತು ಇಳಿದ ಮೇಲೆ ತಲುಪುವುದಾದರೆ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ, ಬೀದಿಯ ನಡಿಗೆಯನ್ನು ಕೊನೆಗೆ ಇಟ್ಟುಕೊಳ್ಳಿ.