ಕೋಣೆಯಿಲ್ಲದ ಹೋಟೆಲು

ಪತ್ರ: ಕಳೆದ ಸಂಚಿಕೆಯಲ್ಲಿ ಮುಂಬಯಿಯ ‘ಮಾಟುಂಗಾದ ಉಡುಪಿ ಹೋಟೆಲುಗಳು’ ಎಂದು ಬರೆದಿದ್ದೀರಿ. ತಂಗಲು ಕೋಣೆ ಇದ್ದರೆ ಮಾತ್ರ ಹೋಟೆಲು, ಬರೀ ತಿಂಡಿ ಸಿಗುವುದು ರೆಸ್ಟೋರೆಂಟು ಎಂದು ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ನನ್ನ ಮೊಮ್ಮಗ ನಗುತ್ತಾನೆ. ತಿದ್ದಿಕೊಳ್ಳಬಾರದೇ?
– ಹಳೆಯ ಚಂದಾದಾರ, ಡೊಂಬಿವಲಿ

ಉತ್ತರ: ರಾಯರೇ, ಇಂಗ್ಲಿಷ್ ನಿಘಂಟಿನ ಪ್ರಕಾರ ನಿಮ್ಮ ಮೊಮ್ಮಗ ಹೇಳಿದ್ದು ಸರಿ. ಪರೀಕ್ಷೆಯಲ್ಲಿ ಅವನಿಗೆ ಪೂರ್ತಿ ಅಂಕ ಸಿಗಲಿ. ಆದರೆ ಜೀವಮಾನವಿಡೀ ‘ಹೋಟೆಲಿಗೆ ಹೋಗಿ ಚಾ ಕುಡಿಯೋಣ’ ಅಂದ ನೀವು ಒಂದು ನಗುವಿಗೆ ಬಾಗಿಬಿಟ್ಟಿರಲ್ಲ!

ಹೋಟೆಲ್ ಎಂಬುದನ್ನು ಇಂಗ್ಲಿಷರೇ ಫ್ರೆಂಚರಿಂದ ಕಡ ತಂದದ್ದು. ಫ್ರಾನ್ಸಿನಲ್ಲಿ ಇವತ್ತಿಗೂ ‘ಓತೆಲ್ ದ ವಿಲ್’ ಅಂದರೆ ನಗರಸಭೆಯ ಕಟ್ಟಡ, ‘ಓತೆಲ್ ದ್ಯೂ’ ಅಂದರೆ ಆಸ್ಪತ್ರೆ. ಬೇರು ಲ್ಯಾಟಿನಿನ ‘ಹಾಸ್ಪೆಸ್’. ಮನೆಗೆ ಬಂದವನೂ ಹಾಸ್ಪೆಸ್, ಬರಮಾಡಿಕೊಂಡವನೂ ಹಾಸ್ಪೆಸ್. ನಮ್ಮಲ್ಲಿ ಹೆಣ್ಣು ಕೊಟ್ಟವರೂ ಬೀಗರು, ತಂದುಕೊಂಡವರೂ ಬೀಗರು, ಹಾಗೆ. ಹಾಸ್ಟೆಲು, ಹಾಸ್ಪಿಟಲು ಅದೇ ಸಂಸಾರದ ಮಕ್ಕಳು.

ರೆಸ್ಟೋರೆಂಟು? ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ಅದು ಮೊದಲು ಅಂಗಡಿಯ ಹೆಸರಾಗಿರಲಿಲ್ಲ, ಬಳಲಿದವರಿಗೆ ಕುಡಿಸುತ್ತಿದ್ದ ಮಾಂಸದ ಸಾರಿನ ಹೆಸರಾಗಿತ್ತು. ಶುದ್ಧ ಸಸ್ಯಾಹಾರಿ ಭಟ್ಟರ ಬಾಗಿಲಿಗೆ ಆ ಬೋರ್ಡು ಹಾಕಿಸಬೇಕೇ?

ಬೋರ್ಡು ಅಂದದ್ದಕ್ಕೆ ನೆನಪಾಯಿತು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ತೆರೆದದ್ದು ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’. ಅಲ್ಲಿ ಬಾಳೆಯೆಲೆ ಊಟ, ಮಲಗಲು ಜಾಗವಲ್ಲ. ಬೋರ್ಡ್ ಅಂದರೆ ಊಟ ಬಡಿಸುವ ಹಲಗೆ. ನಾಯಕರ ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ.

ಅಷ್ಟಕ್ಕೂ ನಮ್ಮ ಹೋಟೆಲುಗಳಲ್ಲಿ ಯಾರೂ ತಂಗುತ್ತಿರಲಿಲ್ಲ ಅಂದವರು ಯಾರು? ಹದಿನಾಲ್ಕರ ಪ್ರಾಯದಲ್ಲಿ ನಾನು ಮುಂಬಯಿಯ ಫೋರ್ಟ್ ಬಡಾವಣೆಯ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದೆ. ರಾತ್ರಿಶಾಲೆ ಮುಗಿಸಿ ಬರುವಾಗ ಶಟರು ಅರ್ಧ ಇಳಿದಿರುತ್ತಿತ್ತು. ಬಗ್ಗಿ ಒಳನುಗ್ಗಿ, ಎರಡು ಮೇಜು ಕೂಡಿಸಿ, ನಾಳೆಯ ಇಡ್ಲಿಹಿಟ್ಟಿನ ಹುಳಿವಾಸನೆಯಲ್ಲಿ ಮಲಗುತ್ತಿದ್ದೆವು. ಸೆಕೆಗಾಲದಲ್ಲಿ ಮೇಜಿನ ಕಲ್ಲು ಬೆನ್ನಿಗೆ ತಣ್ಣಗಿರುತ್ತಿತ್ತು. ನಾಲ್ಕು ಗಂಟೆಗೆ ಭಟ್ರು ಸಟ್ಟುಗದಿಂದ ಮೇಜಿನ ಕಾಲಿಗೆ ಬಡಿದು ಎಬ್ಬಿಸುತ್ತಿದ್ದರು. ನಮ್ಮ ರೂಮ್ ಸರ್ವಿಸ್ ಅದು.

ನನ್ನ ಸಿಟ್ಟು ಹುಡುಗನ ಮೇಲಲ್ಲ. ಗಲ್ಲಾದಲ್ಲಿ ಕೂತು ಮಕ್ಕಳನ್ನು ಓದಿಸಿದ ನಮ್ಮವರೇ ಈಗ ಸಂಬಂಧ ಕುದುರಿಸುವಾಗ ‘ಹೋಟೆಲು’ ಅನ್ನಲು ನಾಚುತ್ತಾರೆ. ‘ಹಾಸ್ಪಿಟ್ಯಾಲಿಟಿ ಬಿಸಿನೆಸ್’ ಅಂತೆ. ಅದೂ ಹಾಸ್ಪೆಸ್‌ನ ಮಗಳೇ ಮಾರಾಯ್ರೇ! ಮೊನ್ನೆ ನಮಗೆ ಬಂದ ವಧೂವರ ಜಾಹೀರಾತಿನಲ್ಲೂ ಹಾಗೇ ಇತ್ತು. ಕೆಂಪು ಪೆನ್ನು ಕೈಗೆತ್ತಿಕೊಂಡಿದ್ದೆ. ದುಡ್ಡು ಕೊಟ್ಟು ಹಾಕಿಸಿದ್ದೆಂದು ಮ್ಯಾನೇಜರು ಕಸಿದುಕೊಂಡರು.