ಲಗೇಜ್ ಹಾಕಿ ಏರು ಹತ್ತುವಾಗ ಬೈಕ್ ಎಳೆಯುತ್ತಿಲ್ಲ, ಬಿಗ್ ಬೋರ್ ಕಿಟ್ ಹಾಕಿಸಬಹುದಾ?

ನಿಮ್ಮದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಇಬ್ಬರು ಕೂತು ಪೂರ್ತಿ ಲಗೇಜ್ ಕಟ್ಟಿದರೆ ಏರಿನಲ್ಲಿ ನಾಲ್ಕನೇ ಗೇರ್ ಎಳೆಯುವುದಿಲ್ಲ, ಓವರ್‌ಟೇಕ್ ಮಾಡಲು ಧೈರ್ಯ ಬರುವುದಿಲ್ಲ ಅಂತ ಬರೆದಿದ್ದೀರಿ. ನಾನೂ ಇದೇ ಎಂಜಿನ್ ಓಡಿಸುವವನು. ನನ್ನ ಮಟ್ಟಿಗೆ ಉತ್ತರ ಇಷ್ಟು: ಮೊದಲು ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಬದಲಿಸಿ ನೋಡಿ, ಬೋರ್ ಕಿಟ್ (ಅಗಲವಾದ ಸಿಲಿಂಡರ್, ದೊಡ್ಡ ಪಿಸ್ಟನ್) ಕೊನೆಗಿರಲಿ.

ನಿಮ್ಮ ಗಾಡಿಯ ಟಾರ್ಕ್ (ತಿರುಗಿಸುವ ಬಲ) 32 ಎನ್‌ಎಂ, ಅದು ಸಿಗುವುದು 4000ದಿಂದ 4500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಒಳಗೆ. ಪವರ್ 24 ಬಿಎಚ್‌ಪಿ ಚಿಲ್ಲರೆ, ಅದು ಬರುವುದು 6500ಕ್ಕೆ. ಲಗೇಜ್ ಹೊತ್ತು ಏರು ಹತ್ತುವವನು 6500ರಲ್ಲಿ ಓಡಿಸುತ್ತಾನಾ? ಇಲ್ಲ ಅಲ್ವಾ. 3000 ಆಸುಪಾಸಿನಲ್ಲಿ ಎಂಜಿನ್ ಗುದ್ದುತ್ತಿರುತ್ತದೆ, ಆದರೂ ನಾವು ಗೇರ್ ಇಳಿಸದೆ ಥ್ರಾಟಲ್ ತಿರುವುತ್ತಲೇ ಇರುತ್ತೇವೆ. ಹಾಗಾಗಿ ನಿಮಗೆ ಬೇಕಿರುವುದು ಹೊಸ ಪವರ್ ಅಲ್ಲ, ಇರುವ ಟಾರ್ಕ್ ಸರಿಯಾದ ವೇಗದಲ್ಲಿ ಚಕ್ರಕ್ಕೆ ತಲುಪುವುದು.

ಅದಕ್ಕೂ ಮುಂಚೆ ಎಂಜಿನ್ ಆರೋಗ್ಯವಾಗಿದೆಯಾ ನೋಡಿ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈರ್ ಗಾಳಿ, ಬ್ರೇಕ್ ಹಿಡಿದುಕೊಂಡಿದೆಯಾ ಎಂಬುದೆಲ್ಲ ಅರ್ಧ ದಿನದ ಕೆಲಸ. ಮುಖ್ಯವಾದದ್ದು ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ. ಟಪ್ ಟಪ್ ಶಬ್ದ ಬಂದರೆ ಎಲ್ಲರೂ ಮೆಕ್ಯಾನಿಕ್ ಹತ್ತಿರ ಓಡುತ್ತಾರೆ. ಆದರೆ ಶಬ್ದವೇ ಇಲ್ಲದ ಎಂಜಿನ್ ಬಗ್ಗೆ ನನಗೆ ಜಾಸ್ತಿ ಅನುಮಾನ. ಕ್ಲಿಯರೆನ್ಸ್ ತೀರಾ ಕಡಿಮೆಯಾದರೆ ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗೆ ಅದುಮಿದ ಗಾಳಿಯ ಒತ್ತಡ) ಸೋರುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಕ್ಲಚ್ ಕೂಡ ಪರೀಕ್ಷಿಸಿ: ಮೇಲಿನ ಗೇರ್‌ನಲ್ಲಿ ನಿಧಾನ ಹೋಗುತ್ತಾ ಥ್ರಾಟಲ್ ಪೂರ್ತಿ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಅಂಥ ಕ್ಲಚ್‌ಗೆ ಇನ್ನೂ ಟಾರ್ಕ್ ಕೊಟ್ಟರೆ ಇನ್ನೂ ಜಾರುತ್ತದೆ, ಅಷ್ಟೇ.

ಇದೆಲ್ಲ ಸರಿ ಇದ್ದೂ ಎಳೆಯದಿದ್ದರೆ ಸ್ಪ್ರಾಕೆಟ್. ಮುಂದಿನ 15 ಹಲ್ಲಿನದನ್ನು ತೆಗೆದು 14 ಹಾಕಿದರೆ ಪ್ರತಿ ಗೇರ್‌ನಲ್ಲೂ ಚಕ್ರಕ್ಕೆ ಸುಮಾರು 7% ಟಾರ್ಕ್ ಜಾಸ್ತಿ ಸಿಗುತ್ತದೆ. ಎಂಜಿನ್ ಬಿಚ್ಚಬೇಕಿಲ್ಲ, ಇಷ್ಟವಾಗದಿದ್ದರೆ ಹಳೆಯದನ್ನೇ ಮತ್ತೆ ಹಾಕಬಹುದು. ಇದಕ್ಕೊಂದು ಬೆಲೆಯೂ ಇದೆ. ಮೊದಲು 5000 ಆರ್‌ಪಿಎಂನಲ್ಲಿ ಹೋಗುತ್ತಿದ್ದ ವೇಗಕ್ಕೆ ಈಗ ಸುಮಾರು 5350 ಬೇಕು. ಹೈವೇಯಲ್ಲಿ ವೈಬ್ರೇಶನ್ ಜಾಸ್ತಿ, ಪೆಟ್ರೋಲ್ ಸ್ವಲ್ಪ ಜಾಸ್ತಿ. ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನ್ ಹೆಚ್ಚು ಬಾಗುವುದರಿಂದ ಅದೂ ಬೇಗ ಸವೆಯುತ್ತದೆ. ನೇರ ರಸ್ತೆಯಲ್ಲಿ ಒಬ್ಬರೇ ದೂರ ಓಡಿಸುವುದೇ ಜಾಸ್ತಿ ಆದರೆ ಇದನ್ನೂ ಮಾಡಬೇಡಿ, ಸುಮ್ನೆ ಗೇರ್ ಇಳಿಸಿ.

ಸೈಲೆನ್ಸರ್ ಬಗ್ಗೆಯೂ ಕೇಳಿದ್ದೀರಿ. ಬರೀ ಸೈಲೆನ್ಸರ್ ಬದಲಿಸಿದರೆ ತೂಕ ಇಳಿಯುತ್ತದೆ, ಶಬ್ದ ಏರುತ್ತದೆ, ವೇಗ ಏರಿದಂತೆ ಕಿವಿಗೆ ಅನ್ನಿಸುತ್ತದೆ. ಅದರ ಜೊತೆ ಗಾಳಿ ಸಲೀಸಾಗಿ ಒಳಬಿಡುವ ಫಿಲ್ಟರ್ ಹಾಕಿ ಪೆಟ್ರೋಲ್ ಲೆಕ್ಕವನ್ನು ಹಾಗೇ ಬಿಡುವುದು ಅಪಾಯ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿ ತೂಕದಲ್ಲಿ 14.7 ಪಾಲು. ಥ್ರಾಟಲ್ ಜೋರಾಗಿ ಕೊಟ್ಟಾಗ ಒಳ್ಳೆಯ ಎಳೆತ ಬರುವುದು 13ರ ಆಸುಪಾಸಿನಲ್ಲಿ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆ ಬಿದ್ದರೆ ಎಂಜಿನ್ ಲೀನ್ ಓಡುತ್ತದೆ. ಭಾರ ಹೊತ್ತು ಏರು ಹತ್ತುವಾಗಲೇ ಅದು ಬಿಸಿಯಾಗಿ ನಾಕ್ ಮಾಡುತ್ತದೆ, ಅಂದರೆ ಪೆಟ್ರೋಲ್ ಹತೋಟಿ ತಪ್ಪಿ ಸಿಡಿದು ಉರಿಯುತ್ತದೆ. ಆದ್ದರಿಂದ ಫಿಲ್ಟರ್, ಸೈಲೆನ್ಸರ್, ಇಸಿಯು (ಪೆಟ್ರೋಲ್ ಲೆಕ್ಕ ನೋಡುವ ಕಂಪ್ಯೂಟರ್) ಟ್ಯೂನಿಂಗ್ ಮೂರನ್ನೂ ಒಟ್ಟಿಗೆ, ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿ ಮಾಡುವವರ ಹತ್ತಿರ ಮಾಡಿಸಿ. ಟ್ಯೂನ್ ಮಾಡುವವರಿಗೆ ತುದಿಯ ಪವರ್ ಬೇಡ, 3000ದಿಂದ 5000 ಒಳಗಿನ ಎಳೆತ ಬೇಕು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಅವರು ದೊಡ್ಡ ಸಂಖ್ಯೆ ತೋರಿಸಿ ಕಳಿಸುತ್ತಾರೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು ಬಹಳ ಕಡೆ ಕಾನೂನಿಗೆ ವಿರುದ್ಧ, ಅದನ್ನು ಬಿಟ್ಟುಬಿಡಿ.

ಎತ್ತರದ ಜಾಗದಲ್ಲಿ ಮಾತ್ರ ಎಳೆಯುವುದಿಲ್ಲ ಅನ್ನುವುದಾದರೆ ಅದು ಎಂಜಿನ್ ತಪ್ಪಲ್ಲ. 3000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಕಾಲು ಭಾಗ ಇಳಿದಿರುತ್ತದೆ. ಇಂಜೆಕ್ಷನ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡಬಲ್ಲದು, ಇಲ್ಲದ ಗಾಳಿಯನ್ನು ತರಲಾರದು.

ಇನ್ನು ನಿಮ್ಮ ಬೋರ್ ಕಿಟ್. ಈ ಎಂಜಿನ್‌ನ ಬೋರ್ (ಸಿಲಿಂಡರ್‌ನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 86 ಮಿ.ಮೀ. ಬೋರ್ 80 ಮಾಡಿದರೆ 411 ಸಿಸಿ ಹೋಗಿ 432 ಆಗುತ್ತದೆ. ಅಂದರೆ 5% ಹೆಚ್ಚು, ಒಂದು ಹಲ್ಲಿನ ಸ್ಪ್ರಾಕೆಟ್ ಕೊಟ್ಟಿದ್ದಕ್ಕಿಂತ ಕಡಿಮೆ! ದೊಡ್ಡ ಕಿಟ್ ಹಾಕಿದರೆ ಲಾಭ ಜಾಸ್ತಿ, ಆದರೆ ತಲೆನೋವೂ ಜಾಸ್ತಿ. ಹೆಡ್ (ಸಿಲಿಂಡರ್‌ನ ಮೇಲಿನ ಮುಚ್ಚಳ) ಅದೇ ಇದ್ದು ಪಿಸ್ಟನ್ ತಲೆಯ ಆಕಾರವೂ ಅದೇ ಇದ್ದರೆ ಕಂಪ್ರೆಷನ್ ತಾನಾಗಿ ಏರುತ್ತದೆ. 80ರ ಪಿಸ್ಟನ್‌ಗೇ 9.5 ಇದ್ದ ಕಂಪ್ರೆಷನ್ ಅನುಪಾತ ಸುಮಾರು 9.9 ಆಗುತ್ತದೆ. ಪಿಸ್ಟನ್ ಭಾರವಾದರೆ ಮೂಲ ಪಿಸ್ಟನ್‌ಗೆ ಹೊಂದಿಸಿದ ಬ್ಯಾಲೆನ್ಸರ್‌ನ (ವೈಬ್ರೇಶನ್ ಕಡಿಮೆ ಮಾಡುವ ತೂಕ) ಲೆಕ್ಕ ತಪ್ಪುತ್ತದೆ. ಎಂಜಿನ್ ತಣಿಯುವುದು ಗಾಳಿ ಮತ್ತು ಆಯಿಲ್ ಕೂಲರ್‌ನಿಂದ. ಹೆಚ್ಚಿನ ಶಾಖವನ್ನು ಅದೇ ಕೂಲರ್ ಹೊರಬೇಕು. ಟೂರಿಂಗ್‌ನಲ್ಲಿ ನನಗೆ ಹೆಚ್ಚು ಹೆದರಿಕೆ ಇರುವುದು ಇದಕ್ಕೇ: ಊರೊಳಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಗಾಡಿ ತಡೆದುಕೊಳ್ಳುವುದನ್ನು ದಿನವಿಡೀ ಭಾರ ಹೊತ್ತು ಓಡುವ ಗಾಡಿ ತಡೆಯುವುದಿಲ್ಲ. ಅದೂ ಅಲ್ಲದೆ ದಾರಿಯಲ್ಲಿ ಕೆಟ್ಟರೆ ಕಿಟ್‌ನ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಎಲ್ಲೂ ಸಿಗುವುದಿಲ್ಲ.

ಇಷ್ಟರ ಮೇಲೂ ಹಾಕಿಸಲೇಬೇಕು ಅಂದರೆ ನಿಮ್ಮ ಸಿಲಿಂಡರ್ ಬ್ಲಾಕನ್ನೇ ಕೊರೆಸಬೇಡಿ. ಬ್ಲಾಕ್ ಸಮೇತ ಬರುವ ಕಿಟ್ ತೆಗೆದುಕೊಳ್ಳಿ. ಹಳೆಯ ಬ್ಲಾಕ್, ಪಿಸ್ಟನ್‌ಗೆ ಆಯಿಲ್ ಸವರಿ ಸುತ್ತಿಟ್ಟುಕೊಂಡರೆ ಬೇಕೆಂದಾಗ ಮತ್ತೆ ಮೊದಲಿನ ಎಂಜಿನ್ ಮಾಡಿಕೊಳ್ಳಬಹುದು. ವಾರಂಟಿ, ಇನ್ಶೂರೆನ್ಸ್ ಎರಡರಲ್ಲೂ ಇದಕ್ಕೆ ಏನು ಬರೆದಿದೆ ಅಂತ ದುಡ್ಡು ಕೊಡುವ ಮುಂಚೆ ಓದಿ.