ಸಿಇಟಿ ಭೌತಶಾಸ್ತ್ರಕ್ಕೆ ಏನು ಬಾಯಿಪಾಠ ಮಾಡಬೇಕು?

ಸಿಇಟಿಗೆ ಭೌತಶಾಸ್ತ್ರದ ಸೂತ್ರಗಳನ್ನೆಲ್ಲಾ ಬಾಯಿಪಾಠ ಮಾಡಬೇಕಾ ಅಂತ ಕೇಳಿದ್ದೀರಿ. ಎಲ್ಲಾ ಬೇಡ. ಎಸೆದ ಚೆಂಡಿನ ಎತ್ತರ, ದೂರದ ಸೂತ್ರ ಮರೆತರೂ ಚಲನೆಯ ಸಮೀಕರಣದಿಂದ ಬರುತ್ತದೆ.

ಆದರೆ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಬೇರೆ ಇಲ್ಲ. ಹಾಗಾಗಿ ಲೆಕ್ಕ ಉಳಿಸುವ ಸಂಖ್ಯೆಗಳು ನಾಲಿಗೆ ತುದಿಯಲ್ಲಿರಲಿ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 1240. ಬೆಳಕಿನ ತರಂಗದೂರ ನ್ಯಾನೊಮೀಟರಿನಲ್ಲಿದ್ದರೆ 1240ನ್ನು ಅದರಿಂದ ಭಾಗಿಸಿ. ಫೋಟಾನ್ ಶಕ್ತಿ ನೇರವಾಗಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. 400 ಕೊಟ್ಟರೆ 3.1, ಅಷ್ಟೇ. ಸುಮ್ನೆ ಪ್ಲಾಂಕ್ ಸ್ಥಿರಾಂಕ ಹಿಡಿದು ಗುಣಿಸುತ್ತಾ ಕೂತರೆ ಮುಂದಿನ ಪ್ರಶ್ನೆಯ ಸಮಯವೂ ಹೋಯಿತು, ಅಲ್ವಾ?

ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಬಿಡಿಸಲು ಬೇಕಾದ 13.6 ಎಲೆಕ್ಟ್ರಾನ್ ವೋಲ್ಟ್, ಸೈನ್ 37 ಡಿಗ್ರಿಗೆ ಸುಮಾರು 0.6, ಇವೂ ಇರಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.